ಹಳ್ಳದ ನೀರಿಗೆ ಸಾಕ್ಷಿ ಯಾರು?

ಕಳೆದ ಮಳೆಗಾಲದ ನಡುವೆ, ಹೊಳವು ಸಿಕ್ಕ ನಾಲ್ಕು ದಿನಗಳಲ್ಲಿ, ನಮ್ಮ ಕಣಿವೆಯ ಅಡಿಕೆ ತೋಟಗಳಲ್ಲೆಲ್ಲ ಎಲೆಚುಕ್ಕೆ ರೋಗಕ್ಕೆ ಔಷಧಿ ಸಿಂಪಡಣೆ ನಡೆಯಿತು. ಐದನೆಯ ದಿನ ಮತ್ತೆ ಮಳೆ ಹಿಡಿಯಿತು. ಬಸಿಗಾಲುವೆಗಳು ತುಂಬಿ ಹಳ್ಳಕ್ಕೆ ಇಳಿದವು. ತೋಟಗಳ ಕೆಳಗಿನ ಕೇರಿಯ ತಾಯಿಯೊಬ್ಬರು ಆ ಹಳ್ಳದ ನೀರನ್ನು ಎರಡು ಬಾಟಲಿಗಳಲ್ಲಿ ತುಂಬಿಕೊಂಡು, ಬಸ್ಸು ಹತ್ತಿ, ನೀರು ಪರೀಕ್ಷಿಸುವ ಕೊಠಡಿಗೆ ಹೋದರು. ವಾರದ ನಂತರ ಬಂದ ವರದಿಯಲ್ಲಿ ಗಡಸುತನ, ಕಬ್ಬಿಣ, ನೈಟ್ರೇಟ್, ಫ್ಲೋರೈಡ್ ಎಲ್ಲದರ ಅಂಕಿಗಳೂ ಇದ್ದವು. ಕೆಳಗೆ ‘ಮಿತಿಯೊಳಗಿದೆ’ ಎಂಬ ಷರಾ ಇತ್ತು. ಆದರೆ ಅವರು ತಿಳಿಯಬಯಸಿದ್ದು ತೋಟಕ್ಕೆ ಹೊಡೆದ ಔಷಧಿಯ ಬಗ್ಗೆ. ‘ಅದನ್ನು ನೋಡುವ ಯಂತ್ರ ನಮ್ಮಲ್ಲಿಲ್ಲ, ಅಮ್ಮ’ ಎಂದು ಅಲ್ಲಿಯ ಸಿಬ್ಬಂದಿ ಪ್ರಾಮಾಣಿಕವಾಗಿಯೇ ಹೇಳಿದರು. ಆದರೆ ಆ ಪ್ರಾಮಾಣಿಕ ಮಾತು ಕಾಗದದ ಮೇಲೆ ಬರಲಿಲ್ಲ. ಯಾರೂ ನೋಡದೇ ಉಳಿದದ್ದು ಇಲ್ಲವೇ ಇಲ್ಲವೆಂಬಂತೆ ದಾಖಲಾಯಿತು.

ಈ ಲೇಖನದ ಪ್ರಶ್ನೆ ಇಷ್ಟೇ: ಹಳ್ಳದ ನೀರಿಗೆ ಸಾಕ್ಷಿ ಹೇಳುವವರು ಯಾರು? ಆ ಸಾಕ್ಷ್ಯವನ್ನು ಹಳ್ಳಿಯ ಜನರೇ ಪಡೆಯುವ ದಾರಿಯೊಂದು ಈಗ ತೆರೆದುಕೊಳ್ಳುತ್ತಿದೆ. ಅದು ವಿದ್ಯುದ್ರಾಸಾಯನಿಕ ಸಂವೇದಕಗಳ ದಾರಿ. ಅದನ್ನು ನಾವು ಸ್ವಾಗತಿಸಬೇಕು; ಜೊತೆಗೆ ಅದರ ಹೆಸರಿನಲ್ಲಿ ಇನ್ನೊಂದು ತಲೆಮಾರು ಕಾಯುವಂತಾಗದ ಹಾಗೆ ಎಚ್ಚರವನ್ನೂ ವಹಿಸಬೇಕು ಎಂಬುದು ನಮ್ಮ ನಿಲುವು.

ಮೊದಲು ವಿಷದ ಸ್ವಭಾವವನ್ನು ತಿಳಿದುಕೊಳ್ಳೋಣ. ನಮ್ಮ ದೇಹದ ಬೆಳವಣಿಗೆ, ಸಂತಾನಶಕ್ತಿ, ಗರ್ಭಸ್ಥ ಶಿಶುವಿನ ಮೆದುಳಿನ ರಚನೆ ಇವೆಲ್ಲ ಹಾರ್ಮೋನುಗಳೆಂಬ ಅತಿಸೂಕ್ಷ್ಮ ಪ್ರಮಾಣದ ಸಂದೇಶವಾಹಕಗಳ ಆಣತಿಯಂತೆ ನಡೆಯುತ್ತವೆ. ಕೆಲವು ಕೃತಕ ರಾಸಾಯನಿಕಗಳು ಹಾರ್ಮೋನಿನ ವೇಷ ಧರಿಸಿ ಸುಳ್ಳು ಸಂದೇಶ ಕೊಡುತ್ತವೆ, ಕೆಲವು ನಿಜವಾದ ಸಂದೇಶವನ್ನು ತಡೆಯುತ್ತವೆ, ಇನ್ನು ಕೆಲವು ಹಾರ್ಮೋನಿನ ಉತ್ಪಾದನೆಯನ್ನೇ ಕುಂದಿಸುತ್ತವೆ. ಇವನ್ನು ಹಾರ್ಮೋನು ಕೆಡಿಸುವ ಮಾಲಿನ್ಯಕಾರಕಗಳೆಂದು ಕರೆಯುತ್ತಾರೆ. 1991ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವಿಂಗ್‌ಸ್ಪ್ರೆಡ್‌ನಲ್ಲಿ ಥಿಯೋ ಕೋಲ್ಬರ್ನ್ ಮತ್ತು ಸಂಗಡಿಗ ವಿಜ್ಞಾನಿಗಳು ಸೇರಿ ಈ ಅಪಾಯವನ್ನು ಒಟ್ಟಾಗಿ ಜಗತ್ತಿನ ಮುಂದಿಟ್ಟರು. 1996ರಲ್ಲಿ ಕೋಲ್ಬರ್ನ್ ಮತ್ತಿಬ್ಬರು ಬರೆದ ‘ಅವರ್ ಸ್ಟೋಲನ್ ಫ್ಯೂಚರ್’ ಅದನ್ನು ಜನಸಾಮಾನ್ಯರಿಗೆ ತಲುಪಿಸಿತು.

ಅದೇ ದೇಶದ ಫ್ಲಾರಿಡಾದಲ್ಲಿ ಅಪೋಪ್ಕ ಎಂಬ ಸರೋವರವಿದೆ. ಅದರ ದಂಡೆಯಲ್ಲಿದ್ದ ಕೀಟನಾಶಕ ಕಾರ್ಖಾನೆಯಿಂದ 1980ರಲ್ಲಿ ಡೈಕೋಫಾಲ್ ಸೋರಿ ನೀರು ಸೇರಿತು. ಮುಂದೆ ಲೂಯಿ ಗಿಲೆಟ್ ಎಂಬ ಜೀವವಿಜ್ಞಾನಿ ಅಲ್ಲಿಯ ಮೊಸಳೆ ಜಾತಿಯ ಪ್ರಾಣಿಗಳನ್ನು ಪರೀಕ್ಷಿಸಿದಾಗ, ಗಂಡು ಮರಿಗಳ ಜನನಾಂಗ ಕುಗ್ಗಿದ್ದುದೂ ಅವುಗಳ ರಕ್ತದಲ್ಲಿ ಪುರುಷ ಹಾರ್ಮೋನು ಇಳಿದಿದ್ದುದೂ ಕಂಡವು. ದೂರದ ಸರೋವರದ ಕಥೆಯೆಂದು ಇದನ್ನು ಬದಿಗಿಡುವಂತಿಲ್ಲ. ಅದೇ ಡೈಕೋಫಾಲನ್ನು ನಾವು ದಶಕಗಳ ಕಾಲ ಅಡಿಕೆಯ ನುಸಿಗೆಂದು ನಮ್ಮ ತೋಟಗಳಿಗೆ ಹೊಡೆದವರು. ನಮ್ಮ ದೇಶದಲ್ಲಿ ಅದರ ನಿಷೇಧಕ್ಕೆ ಆದೇಶ ಹೊರಟಿದ್ದು 2023ರಲ್ಲಿ.

ಇನ್ನು ಪಡ್ರೆಯ ಕಥೆ ನಮ್ಮ ಮನೆಯಂಗಳದ್ದು. ಕಾಸರಗೋಡಿನ ಎಣ್ಮಕಜೆಯ ಆಸುಪಾಸಿನ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿಯೂ ಗೇರು ತೋಟಗಳಿಗೆ ಇದೇ ವಿಷದ ಸಿಂಪಡಣೆಯಾಯಿತು. ಪಡ್ರೆಯ ವೈದ್ಯ ಡಾ. ವೈ. ಎಸ್. ಮೋಹನಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಕಂಡದ್ದನ್ನು ಬರೆದರು. ಪತ್ರಕರ್ತ ಶ್ರೀಪಡ್ರೆ ಅದನ್ನು ನಾಡಿನ ಮುಂದಿಟ್ಟರು. ಆಗ ಎದ್ದ ಮೊದಲ ಪ್ರಶ್ನೆ ನಮಗೆಲ್ಲ ಪರಿಚಿತವಾದದ್ದೇ: ದಾಖಲೆ ಎಲ್ಲಿದೆ?

ದಾಖಲೆಗಾಗಿ ನಡೆದ ಹೋರಾಟದಿಂದ ನಾವು ಕಲಿಯಬೇಕಾದ ಪಾಠವಿದೆ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಪ್ರಯೋಗಾಲಯವು ಪಡ್ರೆಯ ನೀರು, ಮಣ್ಣು, ರಕ್ತ, ತಾಯಿಹಾಲುಗಳ ಮಾದರಿಗಳಲ್ಲಿ ಎಂಡೋಸಲ್ಫಾನ್ ಇದೆ ಎಂದಿತು. ಅದೇ ವರ್ಷ ಇನ್ನೊಂದು ಪ್ರಯೋಗಾಲಯದ ವರದಿ ಇಲ್ಲ ಎಂದಿತು. ಊರಿನವರ ಕೈಯಲ್ಲಿ ಇದ್ದದ್ದು ಅನುಭವ ಮಾತ್ರ. ಎರಡು ವರದಿಗಳನ್ನು ತೂಗಿನೋಡುವ ತಕ್ಕಡಿ ಇರಲಿಲ್ಲ. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಸಿಂಪಡಣೆಗೆ ಒಳಗಾದ ಹಳ್ಳಿಯ 117 ಶಾಲಾ ಹುಡುಗರನ್ನೂ, ಸಿಂಪಡಣೆ ಕಾಣದ ಊರಿನ 90 ಹುಡುಗರನ್ನೂ ಹೋಲಿಸಿ ನೋಡಿದರು. ಸಿಂಪಡಣೆಗೆ ಒಳಗಾದವರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು. ಅವರಲ್ಲಿ ಪ್ರಾಯಕ್ಕೆ ಬರುವ ಲಕ್ಷಣಗಳು ತಡವಾಗಿದ್ದವು. ಪುರುಷ ಹಾರ್ಮೋನಿನ ಮಟ್ಟದಲ್ಲಿ ವ್ಯತ್ಯಾಸ ಕಂಡಿತು. ಈ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದ್ದೂ, ನಮ್ಮ ಸರ್ವೋಚ್ಚ ನ್ಯಾಯಾಲಯ ತಡೆ ಹಾಕಿದ್ದೂ 2011ರಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಕೇರಳ ಸರ್ಕಾರಕ್ಕೆ ಅದೇ ನ್ಯಾಯಾಲಯ ಆದೇಶಿಸಿದ್ದು 2017ರಲ್ಲಿ. ಮೊದಲ ಹೆಲಿಕಾಪ್ಟರ್ ಹಾರಿದಾಗ ಹುಟ್ಟಿದ ಮಗು ಅಷ್ಟರಲ್ಲಿ ನಲವತ್ತರ ಸಮೀಪಕ್ಕೆ ಬಂದಿತ್ತು. ದಾಖಲೆಗಾಗಿ ಕಾಯುವುದೆಂದರೆ ಏನೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಈಗ ನಮ್ಮ ತೋಟಗಳಿಗೆ ಬರೋಣ. ಕಳಸ, ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ, ಹೊಸನಗರಗಳ ಕಡೆ ಎಲೆಚುಕ್ಕೆ ರೋಗ ಅಡಿಕೆಯನ್ನು ಕಾಡುತ್ತಿದೆ. ಅದಕ್ಕೆ ಶಿಫಾರಸಾದ ಶಿಲೀಂಧ್ರನಾಶಕಗಳಲ್ಲಿ ಮ್ಯಾಂಕೋಜೆಬ್ ಮತ್ತು ಪ್ರೊಪಿಕೊನಜೋಲ್ ಸೇರಿವೆ. ಮ್ಯಾಂಕೋಜೆಬ್ ಒದ್ದೆ ನೆಲದಲ್ಲಿ ಒಡೆದು ಎಥಿಲೀನ್ ಥಯೋಯೂರಿಯಾ ಎಂಬ, ನೀರಿನಲ್ಲಿ ಸುಲಭವಾಗಿ ಕರಗಿ ಹರಿಯುವ ವಸ್ತುವಾಗುತ್ತದೆ. ಥೈರಾಯ್ಡ್ ಗ್ರಂಥಿ ಹಾರ್ಮೋನನ್ನು ತಯಾರಿಸುವ ಕ್ರಿಯೆಗೇ ಇದು ಅಡ್ಡಿ ಮಾಡುತ್ತದೆ. ಐರೋಪ್ಯ ಒಕ್ಕೂಟವು 2020ರ ಡಿಸೆಂಬರಿನಲ್ಲಿ ಮ್ಯಾಂಕೋಜೆಬ್‌ನ ಪರವಾನಗಿಯನ್ನು ನವೀಕರಿಸದಿರಲು ಕೊಟ್ಟ ಕಾರಣಗಳಲ್ಲಿ ಹಾರ್ಮೋನು ಕೆಡಿಸುವ ಗುಣವೂ ಒಂದು. ಪ್ರೊಪಿಕೊನಜೋಲ್‌ಗೆ ಅಲ್ಲಿ 2018ರಲ್ಲಿಯೇ ಬಾಗಿಲು ಮುಚ್ಚಿತ್ತು. ಅಯೋಡಿನ್ ಕೊರತೆಯಿಂದ ಬರುವ ಗಳಗಂಡ ಮಲೆನಾಡಿಗೆ ಹೊಸ ಕಾಯಿಲೆಯಲ್ಲ. ಅಂಥ ನಾಡಿನಲ್ಲಿ ಥೈರಾಯ್ಡಿಗೆ ಕೈ ಹಾಕುವ ವಸ್ತುವೊಂದು ಮಳೆನೀರಿನೊಡನೆ ಹಳ್ಳ ಸೇರುತ್ತಿದೆಯೇ, ಸೇರುತ್ತಿದ್ದರೆ ಎಷ್ಟು ಎಂದು ಕೇಳುವುದು ಗಾಬರಿಯ ಮಾತಲ್ಲ. ಗೃಹಸ್ಥರ ಸಾಮಾನ್ಯ ವಿವೇಕ.

ಉತ್ತರ ಏಕೆ ಸಿಗುವುದಿಲ್ಲ? ನಮ್ಮ ದೇಶದ ಕುಡಿಯುವ ನೀರಿನ ಮಾನಕ ಐಎಸ್ 10500. 2012ರಲ್ಲಿ ಪರಿಷ್ಕೃತವಾದ ಈ ಮಾನಕದಲ್ಲಿ 18 ಪೀಡೆನಾಶಕಗಳಿಗೆ ಮಿತಿ ಹಾಕಲಾಯಿತು. ಲೀಟರಿಗೆ ಎಂಡೋಸಲ್ಫಾನ್ 0.4 ಮೈಕ್ರೋಗ್ರಾಂ, ಅಟ್ರಜಿನ್ 2, ಕ್ಲೋರ್‌ಪೈರಿಫಾಸ್ 30 ಹೀಗೆ. ಅವುಗಳಲ್ಲಿ ಒಂದೂ ಶಿಲೀಂಧ್ರನಾಶಕವಲ್ಲ. ಮಳೆಗಾಲದ ಮಲೆನಾಡು ಅತಿ ಹೆಚ್ಚು ಬಳಸುವ ಬಗೆಯೇ ಪಟ್ಟಿಯಿಂದ ಹೊರಗಿದೆ. ಪಟ್ಟಿಯಲ್ಲಿರುವ ವಸ್ತುಗಳನ್ನು ಅಳೆಯುವುದೂ ಸುಲಭವಲ್ಲ. ಗ್ಯಾಸ್ ಕ್ರೊಮ್ಯಾಟೊಗ್ರಫಿ, ಮಾಸ್ ಸ್ಪೆಕ್ಟ್ರೊಮೀಟರ್ ಎಂಬ ಭಾರೀ ಬೆಲೆಯ ಯಂತ್ರಗಳು ಬೇಕು. ಅವನ್ನು ನಡೆಸುವ ತಜ್ಞರು ಬೇಕು. ಮಾದರಿಯನ್ನು ಗಾಜಿನ ಬಾಟಲಿಯಲ್ಲಿ ತಂಪಾಗಿಟ್ಟು ನಗರಕ್ಕೆ ಒಯ್ಯಬೇಕು. ಸಿಂಪಡಣೆಯ ನಂತರದ ಮೊದಲ ಮಳೆಯ ನೀರು ಹಳ್ಳದಲ್ಲಿ ಇರುವುದು ಕೆಲವೇ ಗಂಟೆ. ನಗರದ ಯಂತ್ರ ಆ ಗಳಿಗೆಗೆ ಹಳ್ಳದ ಬಳಿ ಇರುವುದಿಲ್ಲ.

ವಿದ್ಯುದ್ರಾಸಾಯನಿಕ ಸಂವೇದಕ ಮುಖ್ಯವಾಗುವುದು ಇಲ್ಲಿಯೇ. ಇದರ ತತ್ತ್ವ ನಮಗೆ ಅಪರಿಚಿತವಲ್ಲ. ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಬೆರಳಿಗೆ ಚುಚ್ಚಿ ಒಂದು ಹನಿ ರಕ್ತವನ್ನು ಪಟ್ಟಿಗೆ ತಾಗಿಸುತ್ತಾರಲ್ಲ, ಆ ಪುಟ್ಟ ಯಂತ್ರ ಇದೇ ಕುಲದ್ದು. 1962ರಲ್ಲಿ ಲೇಲಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ತೋರಿಸಿದ ವಿಧಾನದಿಂದ ಬೆಳೆದು ಬಂದದ್ದು. ಪಟ್ಟಿಯ ಮೇಲೆ ಇಂಗಾಲದ ಶಾಯಿಯಿಂದ ಅಚ್ಚು ಹಾಕಿದ ವಿದ್ಯುದಗ್ರಗಳಿರುತ್ತವೆ. ಅವುಗಳಿಗೆ ಅಲ್ಪ ವಿದ್ಯುತ್ ಒತ್ತಡ ಕೊಟ್ಟಾಗ, ಹುಡುಕುತ್ತಿರುವ ವಸ್ತುವಿನ ಅಣು ಇಲೆಕ್ಟ್ರಾನನ್ನು ಬಿಟ್ಟುಕೊಡುತ್ತದೆ. ಆಗ ಹರಿಯುವ ವಿದ್ಯುತ್ತಿನ ಅಳತೆಯೇ ಆ ವಸ್ತುವಿನ ಅಳತೆ. ಪ್ಲಾಸ್ಟಿಕ್ಕಿನಿಂದ ಬರುವ ಬಿಸ್ಫೆನಾಲ್-ಎ, ಮಾರ್ಜಕಗಳಿಂದ ಬರುವ ನೋನೈಲ್‌ಫೀನಾಲ್, ಸ್ತ್ರೀ ಹಾರ್ಮೋನಾದ ಎಸ್ಟ್ರಾಡಿಯಾಲ್ ಇವು ಹೀಗೆ ಸುಲಭವಾಗಿ ಇಲೆಕ್ಟ್ರಾನ್ ಬಿಡುವ ಜಾತಿಯವು. ಹಾಗೆ ಬಿಡದ ವಸ್ತುಗಳಿಗೆ ಬೇರೆ ಉಪಾಯಗಳಿವೆ. ಬೀಗಕ್ಕೆ ಕೀಲಿ ಹೊಂದುವಂತೆ ಒಂದೇ ಅಣುವನ್ನು ಹಿಡಿಯುವ ಪ್ರತಿಕಾಯವನ್ನೋ, ಡಿಎನ್ಎ ತುಣುಕನ್ನೋ, ಆ ಅಣುವಿನ ಆಕಾರಕ್ಕೆ ಸರಿಯಾಗಿ ಅಚ್ಚು ಬಿಟ್ಟ ಪಾಲಿಮರ್ ಪದರವನ್ನೋ ವಿದ್ಯುದಗ್ರದ ಮೇಲೆ ಕೂರಿಸುತ್ತಾರೆ. ಕಾರೈಕುಡಿಯಲ್ಲಿ ಕೇಂದ್ರೀಯ ವಿದ್ಯುದ್ರಾಸಾಯನಿಕ ಸಂಶೋಧನಾ ಸಂಸ್ಥೆಯೇ ಇದೆ. ಮೈಸೂರಿನ ಸಿಎಫ್‌ಟಿಆರ್‌ಐಯಲ್ಲಿ ಪೀಡೆನಾಶಕ ಪತ್ತೆಯ ಜೈವಿಕ ಸಂವೇದಕಗಳ ಬಗ್ಗೆ ಸಂಶೋಧನೆ ನಡೆದಿದೆ. ಎಂದರೆ ಈ ವಿದ್ಯೆ ಹೊರದೇಶದಿಂದಲೇ ಬರಬೇಕಾದದ್ದಲ್ಲ.

ಆದರೆ ಉತ್ಸಾಹದಲ್ಲಿ ಸತ್ಯವನ್ನು ಮರೆಯಬಾರದು. ರಕ್ತದಲ್ಲಿ ಸಕ್ಕರೆ ಇರುವುದು ಲೀಟರಿಗೆ ಸುಮಾರು ಒಂದು ಗ್ರಾಂ. ಐರೋಪ್ಯ ಒಕ್ಕೂಟ 2022ರಲ್ಲಿ ಕುಡಿಯುವ ನೀರಿನಲ್ಲಿ ಎಸ್ಟ್ರಾಡಿಯಾಲ್ ಮೇಲೆ ಕಣ್ಣಿಡಲು ಗೊತ್ತುಪಡಿಸಿದ ಪ್ರಮಾಣ ಲೀಟರಿಗೆ ಒಂದು ನ್ಯಾನೋಗ್ರಾಂ; ನೂರು ಕೋಟಿ ಲೀಟರ್ ನೀರಿನಲ್ಲಿ ಒಂದು ಗ್ರಾಂ ಇದ್ದಂತೆ. ಅದನ್ನು ಪ್ರಯೋಗಾಲಯದ ಶುದ್ಧ ನೀರಿನಲ್ಲಿ ಹಿಡಿಯುವುದು ಬೇರೆ, ನಮ್ಮ ಹಳ್ಳದಲ್ಲಿ ಹಿಡಿಯುವುದು ಬೇರೆ. ಮಲೆನಾಡಿನ ನೀರು ಕೊಳೆತ ತರಗೆಲೆಯ ಕಷಾಯ. ಅದರಲ್ಲಿ ಹ್ಯೂಮಿಕ್ ಆಮ್ಲಗಳಿವೆ. ಜಂಬಿಟ್ಟಿಗೆಯ ನೆಲದಿಂದ ಬಂದ ಕಬ್ಬಿಣವಿದೆ. ಕಬ್ಬಿಣವೂ ಇಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳುವ ವಸ್ತುವೇ ಆದ್ದರಿಂದ ಅಳತೆಯನ್ನು ದಾರಿ ತಪ್ಪಿಸಬಲ್ಲದು. ಫೀನಾಲ್ ಜಾತಿಯ ವಸ್ತುಗಳು ವಿದ್ಯುದಗ್ರದ ಮೇಲೆ ತಾವೇ ಪೊರೆ ಕಟ್ಟಿ ಅದನ್ನು ಕುರುಡು ಮಾಡುತ್ತವೆ. ಕುರುಡಾದ ಸಂವೇದಕ ‘ಏನೂ ಇಲ್ಲ’ ಎಂದೇ ಹೇಳುತ್ತದೆ. ಸುಳ್ಳು ಅಭಯಕ್ಕಿಂತ ದೊಡ್ಡ ಅಪಾಯವಿಲ್ಲ.

ಇನ್ನೊಂದು ತೊಡಕು ಇನ್ನೂ ಆಳದ್ದು. ಸಂವೇದಕ ಸಾಮಾನ್ಯವಾಗಿ ಒಂದು ವಸ್ತುವನ್ನು ಮಾತ್ರ ಅಳೆಯುತ್ತದೆ. ದೇಹಕ್ಕೆ ಬರುವುದು ಹಲವು ವಸ್ತುಗಳ ಮಿಶ್ರಣ. ಪ್ರತಿಯೊಂದೂ ಮಿತಿಯೊಳಗಿದ್ದರೂ ಒಟ್ಟು ಪರಿಣಾಮ ಮಿತಿಯೊಳಗಿರಬೇಕೆಂದಿಲ್ಲ. ಪ್ರಮಾಣ ಹೆಚ್ಚಿದಷ್ಟೂ ವಿಷ ಹೆಚ್ಚು ಎಂಬ ಹಳೆಯ ಲೆಕ್ಕವೂ ಇಲ್ಲಿ ಯಾವಾಗಲೂ ನಡೆಯುವುದಿಲ್ಲ. ಗರ್ಭದ ಕೆಲವು ವಾರಗಳಲ್ಲಿ ತಾಗಿದ ಅಲ್ಪ ಪ್ರಮಾಣವು, ಪ್ರಾಯದಲ್ಲಿ ತಾಗಿದ ದೊಡ್ಡ ಪ್ರಮಾಣಕ್ಕಿಂತ ಹೆಚ್ಚು ಕೆಡಿಸಬಲ್ಲದು. ಅದಕ್ಕೇ ಸಂವೇದಕದ ಅಂಕಿಯನ್ನು ನ್ಯಾಯಾಧೀಶರ ತೀರ್ಪೆಂದು ತಿಳಿಯದೆ, ಸಾಕ್ಷಿಯ ಹೇಳಿಕೆಯೆಂದು ತಿಳಿಯಬೇಕು. ಅದು ಜರಡಿಯ ಕೆಲಸ ಮಾಡಲಿ: ಸಂಶಯದ ನೀರನ್ನು ಬೇರ್ಪಡಿಸಲಿ, ಆ ನೀರು ದೊಡ್ಡ ಪ್ರಯೋಗಾಲಯಕ್ಕೆ ಹೋಗಿ ಖಚಿತವಾಗಲಿ.

ಈ ಮಾತಿಗೆ ನಮ್ಮ ನಡುವೆಯೇ ಒಂದು ಆಕ್ಷೇಪವಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ನಮ್ಮ ಸಭೆಯೊಂದರಲ್ಲಿ ಎರಡೆಕರೆ ತೋಟದ ಹಿರಿಯರೊಬ್ಬರು ಕೇಳಿದರು: ‘ಎಲೆಚುಕ್ಕೆಯಿಂದ ಅರ್ಧ ಫಸಲು ಹೋಗಿದೆ. ಔಷಧಿ ಹೊಡೆಯಿರಿ ಎಂದವರು ಇಲಾಖೆಯವರು. ಈಗ ನೀವು ಯಂತ್ರ ಹಿಡಿದು ಬಂದು ನನ್ನ ಬಸಿಗಾಲುವೆಯಲ್ಲಿ ವಿಷವಿದೆ ಎಂದು ಬರೆದರೆ, ಕಟಕಟೆ ಹತ್ತುವವನು ನಾನು ತಾನೆ?’ ಸಭೆ ಸ್ವಲ್ಪ ಹೊತ್ತು ಮೌನವಾಯಿತು. ಅವರ ಭಯ ನಿಜವಾದದ್ದು. ಅಳತೆಯ ಭಾರ ಬಡ ಕೃಷಿಕನ ಹೆಗಲ ಮೇಲೆ ಬೀಳುವುದಾದರೆ ಅದು ಇನ್ನೊಂದು ಅನ್ಯಾಯ. ವಸ್ತುವನ್ನು ತಯಾರಿಸಿ ಮಾರಿದವರು, ಹತ್ತು ವರ್ಷ ಸುರಕ್ಷಿತವೆಂದು ಹೇಳಿ ಹನ್ನೊಂದನೆಯ ವರ್ಷ ಹಿಂತೆಗೆದುಕೊಳ್ಳುವವರು, ಮಾನಕದ ಪಟ್ಟಿ ಬರೆಯುವವರು ಉತ್ತರಿಸಬೇಕಾದ ಪ್ರಶ್ನೆ ಇದು. ಹಾಗೆ ನೋಡಿದರೆ ಅಳತೆಯ ಮೊದಲ ಫಲ ಸಲ್ಲಬೇಕಾದದ್ದು ಸಿಂಪಡಿಸುವವರಿಗೇ. ಮರದ ತುದಿಯಲ್ಲಿ ಗಾಳಿಗೆ ಮುಖವೊಡ್ಡಿ ನಿಲ್ಲುವ ಕೊನೆಗಾರನ ಮೈಗೆ ತಾಗುವಷ್ಟು ಔಷಧಿ ಯಾವ ಹಳ್ಳದಲ್ಲಿಯೂ ಇರಲಾರದು. ಆದ್ದರಿಂದ ಊರಿನ ಅಳತೆಯನ್ನು ಯಾವ ಕೃಷಿಕನ ಹೆಸರಿಗೂ ಬರೆಯದೆ, ಹಳ್ಳದ ಹೆಸರಿಗೆ, ದಿನಾಂಕದ ಸಹಿತ, ಬರೆಯಬೇಕೆಂದು ಆ ಸಭೆಯಲ್ಲಿಯೇ ಒಪ್ಪಿಕೊಂಡೆವು.

ಹಾಗಾದರೆ ಆಗಬೇಕಾದದ್ದೇನು?

ಮೊದಲನೆಯದಾಗಿ, ಸಂವೇದಕಗಳ ಪರೀಕ್ಷೆ ನಗರದ ಪ್ರಯೋಗಾಲಯದಲ್ಲಿ ಮುಗಿಯದೆ ನಮ್ಮ ಹಳ್ಳಗಳಲ್ಲಿ, ಮಳೆಗಾಲದ ಕೆಂಪು ನೀರಿನಲ್ಲಿ ನಡೆಯಬೇಕು. ಎಥಿಲೀನ್ ಥಯೋಯೂರಿಯಾದಂಥ, ನಮ್ಮ ಬೆಳೆಗೆ ಸಂಬಂಧಿಸಿದ ವಸ್ತುಗಳನ್ನು ಮೊದಲು ಹಿಡಿಯುವ ಸಂವೇದಕ ನಮಗೆ ಬೇಕು. ನಮ್ಮ ಸಾರ್ವಜನಿಕ ಸಂಶೋಧನಾ ಸಂಸ್ಥೆಗಳಿಗೆ ಇದಕ್ಕಿಂತ ಯೋಗ್ಯವಾದ ಕೆಲಸ ಯಾವುದಿದೆ?

ಎರಡನೆಯದಾಗಿ, 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ಪೆಟ್ಟಿಗೆ ಬಳಸಲು ತರಬೇತಿ ಕೊಡುವ ಕ್ರಮವನ್ನು ತಂದಿತು. ಸಂವೇದಕ ಸಿದ್ಧವಾದಾಗ ಅದು ಇಂಥ ಕೈಗಳಿಗೇ ಬರಲಿ. ಒಂದೇ ನೀರನ್ನು ಎರಡು ಬಾರಿ ಅಳೆಯುವುದು, ಶುದ್ಧ ನೀರನ್ನೂ ಅಳೆದು ಹೋಲಿಸುವುದು, ಸ್ಥಳ, ಸಮಯ, ಹಿಂದಿನ ದಿನದ ಮಳೆ, ಸಿಂಪಡಣೆಯ ದಿನ ಇವನ್ನು ಪುಸ್ತಕದಲ್ಲಿ ಬರೆದಿಡುವುದು ನಮ್ಮ ಹೆಣ್ಣುಮಕ್ಕಳಿಗೆ ಕಷ್ಟದ ವಿದ್ಯೆಯಲ್ಲ. ಆ ಪುಸ್ತಕ ಗ್ರಾಮಸಭೆಯ ಆಸ್ತಿಯಾಗಿರಬೇಕು. ಅಂಕಿಗಳು ಪಂಚಾಯಿತಿ ಕಚೇರಿಯ ಫಲಕದ ಮೇಲೆ ಕನ್ನಡದಲ್ಲಿ ಕಾಣಬೇಕು.

ಮೂರನೆಯದಾಗಿ, ಪ್ರತಿಯೊಂದು ನೀರಿನ ವರದಿಯಲ್ಲಿ ನೋಡಿದ್ದು ಏನು ಎಂಬುದರ ಜೊತೆಗೆ ನೋಡದೇ ಇದ್ದದ್ದು ಏನು ಎಂಬುದನ್ನೂ ಬರೆಯಬೇಕು. ‘ಪೀಡೆನಾಶಕಗಳನ್ನು ಪರೀಕ್ಷಿಸಿಲ್ಲ’ ಎಂಬ ಒಂದು ಸಾಲು ಸಾಕು. ಇದಕ್ಕೆ ಯಂತ್ರ ಬೇಡ, ಹಣ ಬೇಡ, ನಾಳೆಯೇ ಆರಂಭಿಸಬಹುದು. ಮಾನಕದ ಪಟ್ಟಿಗೆ ಶಿಲೀಂಧ್ರನಾಶಕಗಳೂ, ಹಾರ್ಮೋನು ಕೆಡಿಸುವ ಇತರ ವಸ್ತುಗಳೂ ಸೇರಬೇಕೆಂಬ ಬೇಡಿಕೆ ಇದರ ಮುಂದಿನ ಹೆಜ್ಜೆ. ಐರೋಪ್ಯ ಒಕ್ಕೂಟ 2020ರಲ್ಲಿಯೇ ಕುಡಿಯುವ ನೀರಿನ ಬಿಸ್ಫೆನಾಲ್-ಎಗೆ ಲೀಟರಿಗೆ 2.5 ಮೈಕ್ರೋಗ್ರಾಂ ಮಿತಿ ಹಾಕಿದೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಇವೆಲ್ಲ ಆಗುವವರೆಗೆ ಕೈಕಟ್ಟಿ ಕೂರಬಾರದು. ಅಬ್ಬಿಯ ನೀರಿನ ಮೂಲದ ಸುತ್ತ, ಕುಡಿಯುವ ಬಾವಿಯ ಮೇಲ್ಭಾಗದಲ್ಲಿ ಸಿಂಪಡಣೆ ಮಾಡದ ಅಂಚೊಂದನ್ನು ಊರೇ ಸೇರಿ ಗೊತ್ತುಮಾಡಬಹುದು. ಸಿಂಪಡಣೆಯ ದಿನವನ್ನು ಕೆಳಗಿನ ಮನೆಗಳಿಗೆ ಮೊದಲೇ ತಿಳಿಸಬಹುದು. ಔಷಧಿಯ ಡಬ್ಬಿ, ಕ್ಯಾನು, ಪಂಪುಗಳನ್ನು ಹಳ್ಳದಲ್ಲಿ ತೊಳೆಯುವುದನ್ನು ಇಂದೇ ನಿಲ್ಲಿಸಬಹುದು. ಕೊನೆಗಾರರಿಗೆ ಕೈಗವಸು, ಮುಖಗವಸು ಕೊಡದ ತೋಟದ ಯಜಮಾನನಿಗೆ ಊರು ನಾಲ್ಕು ಮಾತು ಹೇಳಬಹುದು. ಬಿದ್ದ ರೋಗದ ಸೋಗೆಯನ್ನು ಆರಿಸಿ ಸುಡುವಂಥ ಕೆಲಸಗಳಿಂದ ರೋಗದ ಒತ್ತಡವನ್ನೇ ತಗ್ಗಿಸಬಹುದು.

ಪಡ್ರೆಯ ಜನ ದಾಖಲೆಯಿಲ್ಲದೆ ದಶಕಗಳನ್ನು ಕಳೆದರು. ನಮ್ಮ ಕಣಿವೆಗಳಲ್ಲಿ ಅದೇ ಆಗುತ್ತಿದೆಯೆಂದು ನಾವು ಹೇಳುತ್ತಿಲ್ಲ; ಆಗುತ್ತಿಲ್ಲವೆಂದು ಹೇಳಬಲ್ಲವರೂ ಇಲ್ಲ ಎನ್ನುತ್ತಿದ್ದೇವೆ. ಈ ಎರಡು ಮಾತುಗಳ ನಡುವಿನ ಕತ್ತಲೆಯಲ್ಲಿ ಮಕ್ಕಳು ನೀರು ಕುಡಿಯುತ್ತಿದ್ದಾರೆ. ಎರಡು ಬಾಟಲಿ ಹಿಡಿದು ಬಸ್ಸು ಹತ್ತಿದ ಆ ತಾಯಿ ಮುಂದಿನ ಮಳೆಗಾಲದಲ್ಲಿಯೂ ಹೋಗುವೆನೆಂದು ಹೇಳಿದ್ದಾರೆ. ಅವರು ಒಬ್ಬರೇ ಹೋಗದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆ. ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನು ಎತ್ತಬೇಕೆಂದೂ, ‘ನೋಡದೇ ಇದ್ದದ್ದು ಏನು’ ಎಂಬ ಪ್ರಶ್ನೆಯನ್ನು ನಡಾವಳಿಯಲ್ಲಿ ಬರೆಯಿಸಬೇಕೆಂದೂ ಓದುಗ ಬಂಧುಗಳಲ್ಲಿ ವಿನಂತಿ.